ಹಣ ಕೊಟ್ಟ ಮೇಲೆ ಹಲ್ಲು ಎಣಿಸಬಹುದು

ಓದುಗರ ಪತ್ರ: ಸಹಾಯಾರ್ಥವಾಗಿ ಹೊರತಂದ ಸಮಕಾಲೀನ ಸಣ್ಣಕಥೆಗಳ ಸಂಕಲನವೊಂದನ್ನು ಕೊಂಡು ಓದಿದೆ. 18 ಕಥೆಗಳಲ್ಲಿ 5 ತುಂಬ ಹಿಡಿಸಿದವು, ಕೆಲವನ್ನು ಮುಗಿಸಲೇ ಆಗಲಿಲ್ಲ. ಒಂದರಲ್ಲಂತೂ ಅಪ್ಪ ತೀರಿಕೊಳ್ಳುತ್ತಾನೆ, ಮುಂದಿನ ಸಾಲಿನಲ್ಲೇ ಪೇಪರ್ ಓದುತ್ತ ಕೂತಿರುತ್ತಾನೆ! ಇದನ್ನು ಹೇಳಿದರೆ ಗೆಳೆಯರು ‘ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬೇಡ’ ಎಂದು ಬಾಯಿ ಮುಚ್ಚಿಸುತ್ತಾರೆ. ನನ್ನದು ಸಣ್ಣತನವೇ?

ಸಂಪಾದಕರ ಉತ್ತರ: ಖಂಡಿತ ಸಣ್ಣತನವಲ್ಲ. ನಿಮಗೆ ಯಾರೂ ಹಸುವನ್ನು ದಾನ ಕೊಟ್ಟಿಲ್ಲ, ಮುಖಬೆಲೆ ತೆತ್ತು ಕೊಂಡಿದ್ದೀರಿ. ನಿಮ್ಮ ಪಾಲಿನ ದಾನ ಅಂಗಡಿಯಲ್ಲೇ ಮುಗಿಯಿತು. ನಿಮ್ಮ ಗೆಳೆಯರು ಹೇಳುವುದರಲ್ಲೂ ಒಂದು ಸೌಜನ್ಯವಿದೆ, ಒಪ್ಪುತ್ತೇನೆ. ಲೇಖಕರು ಗೌರವಧನ ಬಿಟ್ಟುಕೊಟ್ಟಿದ್ದಾರೆ, ಅವರಿಗೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಆ ಕೃತಜ್ಞತೆಯನ್ನು ಕಥೆಯ ಅಂಕಪಟ್ಟಿಗೆ ಸೇರಿಸಬೇಕಾಗಿಲ್ಲ.

ಮೆಚ್ಚುಗೆಯ ಮಾತಷ್ಟೇ ಪುಸ್ತಕಕ್ಕೆ ನೆರವಾಗುತ್ತದೆ ಎಂಬ ನಂಬಿಕೆಯೇ ತಪ್ಪು. ಲೆಕ್ಕ ನೋಡಿ. ಮುಖಬೆಲೆ ನೂರು ಎಂದಿಟ್ಟುಕೊಂಡರೆ, ವಿತರಕರು ಮತ್ತು ಅಂಗಡಿಯವರಿಗೇ ಸುಮಾರು 40ರಿಂದ 50 ಹೋಗುತ್ತದೆ. ಕಾಗದ, ಅಚ್ಚು, ಬೈಂಡಿಂಗ್‌ಗೆ 20–25. ಪುಟವಿನ್ಯಾಸ, ಮುಖಪುಟ, ಸಾಗಣೆ, ಮಾರಾಟವಾಗದೆ ವಾಪಸ್ ಬರುವ ಪ್ರತಿಗಳು, ಎಲ್ಲವೂ ಉಳಿದದ್ದರಲ್ಲೇ ಆಗಬೇಕು. ‘ಗೌರವಧನವೆಲ್ಲ ದಾನಕ್ಕೆ’ ಎಂದು ಬೆನ್ನುಡಿಯಲ್ಲಿದ್ದರೆ ನೂರಕ್ಕೆ ಹತ್ತರ ಆಸುಪಾಸು ಹೋದೀತು. ‘ಲಾಭವೆಲ್ಲ ದಾನಕ್ಕೆ’ ಎಂದಿದ್ದರೆ ಮೊದಲ ಮುದ್ರಣದಲ್ಲಿ ಏನೂ ಹೋಗದೆಯೂ ಇರಬಹುದು, ಏಕೆಂದರೆ ಲಾಭ ಕಾಣುವುದು ಹಾಕಿದ ಖರ್ಚು ವಾಪಸ್ ಬಂದ ಮೇಲೆ. ‘ಪ್ರತಿಯೊಂದು ಪ್ರತಿಗೆ ಇಷ್ಟು’ ಎಂದು ನಿಗದಿಯಾದ ಮೊತ್ತ ಬರೆದಿರುವ ಪುಸ್ತಕವನ್ನೇ ನಾನು ನಂಬುವುದು. ಕೊಳ್ಳುವ ಮೊದಲು ಆ ಸಾಲನ್ನು ಹುಡುಕಿ ಓದಿ.

ವಿನ್ಯಾಸದ ಖರ್ಚು ಮತ್ತೆ ಬೀಳದ ಎರಡನೆಯ ಮುದ್ರಣದಲ್ಲಿ ಮಾತ್ರ ಇಂಥ ಪುಸ್ತಕ ನಿಜವಾಗಿ ದುಡಿಯುತ್ತದೆ. ಅಲ್ಲಿಗೆ ತಲುಪಬೇಕಾದರೆ ಬಂಧುಬಳಗದ ಆಚೆಗಿನವರೂ ಕೊಳ್ಳಬೇಕು. ‘ಎಲ್ಲ ಕಥೆಗಳೂ ಚೆನ್ನಾಗಿವೆ’ ಎಂದರೆ ಅಪರಿಚಿತ ಓದುಗ ಏಕೆ ನಂಬಬೇಕು? ‘ಈ ಐದನ್ನು ಓದಿ, ಇವು ನನಗೆ ಸೇರಲಿಲ್ಲ’ ಎಂದರೆ ಕೊಳ್ಳುವ ಮನಸ್ಸಾಗುತ್ತದೆ. ನಿಮ್ಮನ್ನು ಸುಮ್ಮನಾಗಿಸಿದವರು ಪುಸ್ತಕದ ನೆರವು ಸಲ್ಲಬೇಕಾದವರಿಗೆ ಬರುವ ಹಣವನ್ನೇ ತಡೆಯುತ್ತಿದ್ದಾರೆ.

ಇನ್ನು ಸತ್ತು ಬದುಕಿದ ಆ ಅಪ್ಪ. ಇಲ್ಲಿ ನಿಮ್ಮನ್ನು ತುಸು ಗದರಬೇಕು, ಅದನ್ನು ಕಥೆಗಾರರ ತಲೆಗೆ ಕಟ್ಟಲು ಅವಸರಪಟ್ಟಿದ್ದೀರಿ. ಅವನು ಪೇಪರ್ ಓದುವ ಸಾಲು ಹೊಸ ಪುಟದ ತಲೆಯಲ್ಲಿದೆಯೇ ನೋಡಿ. ಇದ್ದರೆ, ಕಾಲ ಹಿಂದೆ ಸರಿದದ್ದನ್ನು ಸೂಚಿಸಲು ಲೇಖಕರು ಬಿಟ್ಟ ಖಾಲಿ ಸಾಲು ಹಿಂದಿನ ಪುಟದ ಬುಡದಲ್ಲಿ ಬಿದ್ದು ಮರೆಯಾಗಿರಬಹುದು. ಪುಟದ ನಡುವೆಯೇ ಇದ್ದರೆ ಕಾರಣ ಬೇರೆ. ಹದಿನೆಂಟು ಜನ ಹದಿನೆಂಟು ರೀತಿಯಲ್ಲಿ ಟೈಪ್ ಮಾಡಿ ಕಳಿಸಿದ ಕಡತಗಳನ್ನು ಒಂದೇ ಅಳತೆಗೆ ತರಲು ವಿನ್ಯಾಸ ಮಾಡುವವರು ಎರಡೆರಡು ಬಾರಿ ಒತ್ತಿದ ಎಂಟರ್‌ಗಳನ್ನೆಲ್ಲ ಒಂದೇ ಏಟಿಗೆ ಒಂದಾಗಿಸುತ್ತಾರೆ. ಬೇಡದ ಖಾಲಿ ಸಾಲುಗಳ ಜೊತೆ ಬೇಕಾದವೂ ಹೋಗುತ್ತವೆ. ಇದಕ್ಕೆ ಮದ್ದು ಸುಲಭ: ದೃಶ್ಯ ಬದಲಾಗುವಲ್ಲಿ ಹಸ್ತಪ್ರತಿಯಲ್ಲೇ ಮೂರು ನಕ್ಷತ್ರ ಹಾಕಿಸುವುದು, ಕರಡನ್ನು ಮೂಲದ ಪಕ್ಕ ಇಟ್ಟುಕೊಂಡು ಓದುವುದು, ಪುಟ ಕಟ್ಟಿದ ಮೇಲೆ ಒಮ್ಮೆ ಲೇಖಕರಿಗೆ ತೋರಿಸುವುದು. ಸಹಾಯಾರ್ಥ ಪುಸ್ತಕಗಳಲ್ಲಿ ಬಿಡುಗಡೆಯ ದಿನ ಮೊದಲೇ ಗೊತ್ತಾಗಿರುತ್ತದೆ. ಹಾಗಾಗಿ ಮೊದಲು ಕೈಬಿಡುವುದು ಈ ಕೊನೆಯ ಹಂತವನ್ನೇ.

ಉಳಿದ ಕಥೆಗಳು ಸೊರಗಿದ್ದಕ್ಕೆ ಕಾರಣ ಬಹುಮಟ್ಟಿಗೆ ಸಂಕಲನದ ಸಂಪಾದಕರ ದಾಕ್ಷಿಣ್ಯ. ಪುಕ್ಕಟೆ ಕೊಟ್ಟವರ ಕಥೆಯನ್ನು ಹಿಂದಕ್ಕೆ ಕಳಿಸುವುದು ಹೇಗೆ ಎಂಬ ಮುಲಾಜು. ಅದನ್ನು ಅರಿತ ಕೆಲವರು ಡ್ರಾಯರ್‌ನಲ್ಲಿ ಉಳಿದದ್ದನ್ನೋ, ಅರ್ಧಕ್ಕೆ ನಿಂತ ಕಾದಂಬರಿಯ ಒಂದು ಅಧ್ಯಾಯವನ್ನೋ ಕಥೆಯೆಂದು ಕೊಡುತ್ತಾರೆ. ಮುಕ್ತಾಯವಿಲ್ಲದ, ಪಾತ್ರಗಳ ಪರಿಚಯವೇ ಇಲ್ಲದ ಕಥೆ ಕಂಡರೆ ಬಹುಶಃ ಅದೇ. ಮತ್ತೊಂದು ಕೇಡು, ನೆರವಿನ ವಿಷಯದ ಮೇಲೆಯೇ ಬರೆದುಕೊಡಿ ಎಂದು ಕೇಳುವುದು. ಆಗ ಹದಿನೆಂಟು ಕರಪತ್ರಗಳು ಬರುತ್ತವೆ.

ದಕ್ಷಿಣ ಆಫ್ರಿಕಾದ ಲೇಖಕಿ ನಾಡಿನ್ ಗಾರ್ಡಿಮರ್ 2004ರಲ್ಲಿ ಏಡ್ಸ್ ಪೀಡಿತರ ನೆರವಿಗಾಗಿ ‘ಟೆಲ್ಲಿಂಗ್ ಟೇಲ್ಸ್’ ಸಂಪಾದಿಸಿದಾಗ ಈ ಎರಡು ಹಳ್ಳಗಳನ್ನೂ ದಾಟಿದರು. ಗಾರ್ಡಿಮರ್ ಅವರೂ ಸೇರಿ 21 ಲೇಖಕರು. ಮಾರ್ಕ್ವೆಜ್, ಸರಮಾಗೊ, ಗುಂಟರ್ ಗ್ರಾಸ್, ಕೆಂಜಾಬುರೊ ಓಯೆ ಎಲ್ಲರೂ ಇದ್ದಾರೆ. ಲೇಖಕರು ತಮ್ಮ ಒಳ್ಳೆಯ ಕಥೆಯನ್ನೇ ಆರಿಸಿ ಕೊಟ್ಟರು, ಹಳೆಯದಾದರೂ ಅಡ್ಡಿಯಿರಲಿಲ್ಲ. ಕಥೆಗಳು ಏಡ್ಸ್ ಕುರಿತಾಗಿರಬೇಕೆಂಬ ಕಟ್ಟುಪಾಡೂ ಇರಲಿಲ್ಲ.

ಒಂದು ಮಾತು ಹೇಳದೆ ಇರಲಾರೆ. ಸದುದ್ದೇಶಕ್ಕೆಂದು ಶುರುವಾದ ಪುಕ್ಕಟೆಯ ರೂಢಿ ಈಗ ಯಾವ ಉದ್ದೇಶವೂ ಇಲ್ಲದ ಕಡೆಗೂ ಹರಡಿದೆ. ವಿಶೇಷಾಂಕಕ್ಕೆ ಪುಕ್ಕಟೆ, ಸ್ಪರ್ಧೆಯ ಸಂಕಲನಕ್ಕೆ ಪುಕ್ಕಟೆ. ಅಚ್ಚು ಹಾಕುವವರಿಗೆ ಕೂಲಿ ಕೊಡುತ್ತಾರೆ, ಬರೆದವರಿಗೆ ಒಂದು ಪ್ರತಿ. ಹಣ ಕೊಡದವರಿಗೆ ತಿದ್ದಿ ಎಂದು ಹೇಳುವ ಬಾಯಿ ಇರುವುದಿಲ್ಲ, ತಿದ್ದದ ಕಥೆಗೆ ಓದುಗ ಸಿಗುವುದಿಲ್ಲ. ಹೊಸ ಕಥೆಗಾರರಿಗೆ ಇದರಿಂದ ಆಗುವ ನಷ್ಟ ದೊಡ್ಡದು. ‘ಈ ಮೂರನೆಯ ಪ್ಯಾರಾದಿಂದ ಶುರು ಮಾಡಿ’ ಎಂದು ಹೇಳುವ ಒಬ್ಬರೂ ಅವರಿಗೆ ಸಿಗುತ್ತಿಲ್ಲ.

ನೀವು ಮೆಚ್ಚಿದ ಐದು ಕಥೆಗಳ ಹೆಸರನ್ನು ಪತ್ರದಲ್ಲಿ ಬರೆದಿಲ್ಲ, ಅದೊಂದು ಕೊರತೆ. ಅವು ಏಕೆ ಹಿಡಿಸಿದವು, ಉಳಿದವು ಎಲ್ಲಿ ಕುಸಿದವು ಎಂದು ಪುಟಸಂಖ್ಯೆ ಸಮೇತ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಆ ಅಪ್ಪನ ಪುಟವನ್ನು ಮಾತ್ರ ಇನ್ನೊಮ್ಮೆ ನೋಡಿಯೇ ಬರೆಯಿರಿ.