ಓದುಗರ ಪ್ರಶ್ನೆ: ಮುಗಿದ ಸೆಲ್ಲುಗಳಿಂದ ಲೋಹ ತೆಗೆಯಬಹುದೇ?

ಪ್ರಶ್ನೆ: ಬಂಗಾರಪೇಟೆಯಲ್ಲಿ ನನ್ನದೊಂದು ಗಡಿಯಾರ, ರೇಡಿಯೊ ದುರಸ್ತಿಯ ಅಂಗಡಿಯಿದೆ. ಮುಗಿದ ಸೆಲ್ಲುಗಳು ಎರಡು ಗೋಣಿಚೀಲದಷ್ಟು ಸೇರಿವೆ. ಇವುಗಳನ್ನು ಆಮ್ಲದಲ್ಲಿ ಕರಗಿಸಿ ಸತು ತೆಗೆಯಬಹುದೆಂದು ಕೇಳಿದ್ದೇನೆ. ಹಿತ್ತಲಲ್ಲೇ ಮಾಡಬಹುದೇ? ಒಳಗಿನ ಕಪ್ಪು ಪುಡಿಯನ್ನು ಟೊಮ್ಯಾಟೊ ತೋಟಕ್ಕೆ ಹಾಕಬಹುದೇ?

ಉತ್ತರ: ನೀವು ಕೇಳಿದ್ದು ಸುಳ್ಳಲ್ಲ. ಅಗ್ಗದ ಟಾರ್ಚ್ ಸೆಲ್ಲಿನಲ್ಲಿ ಡಬ್ಬಿಯೇ ಸತುವಿನದು. ನಡುವೆ ಇಂಗಾಲದ ಕಡ್ಡಿ, ಅದರ ಸುತ್ತ ಮ್ಯಾಂಗನೀಸ್ ಡೈಆಕ್ಸೈಡ್ ಬೆರೆತ ಕಪ್ಪು ಪುಡಿ. ಆಲ್ಕಲೈನ್ ಸೆಲ್ಲಿನ ಡಬ್ಬಿ ಉಕ್ಕಿನದಾಗಿದ್ದು, ಸತು ಪುಡಿಯಾಗಿ ಒಳಗಿರುತ್ತದೆ, ಜೊತೆಗೆ ಚರ್ಮ ಸುಡುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕೂಡ. ಸೆಲ್ ಮುಗಿದಾಗ ಲೋಹವೇನೂ ಮಾಯವಾಗುವುದಿಲ್ಲ. ಸತುವಿನ ಬಹುಭಾಗ ಆಕ್ಸೈಡ್ ಮತ್ತಿತರ ಸಂಯುಕ್ತಗಳಾಗಿ ಅಲ್ಲಿಯೇ ಉಳಿದಿರುತ್ತದೆ.

ಕಾರ್ಖಾನೆಗಳಲ್ಲಿ ಸೆಲ್ಲುಗಳನ್ನು ಬಗೆಬಗೆಯಾಗಿ ವಿಂಗಡಿಸಿ, ಪುಡಿ ಮಾಡಿ, ಉಕ್ಕನ್ನು ಅಯಸ್ಕಾಂತದಿಂದ ಎಳೆದು, ಉಳಿದ ಕಪ್ಪು ಪುಡಿಯ ಲವಣಗಳನ್ನು ನೀರಿನಲ್ಲಿ ತೊಳೆದು, ಆಮೇಲೆ ನೀರು ಬೆರೆಸಿ ತೆಳುವಾಗಿಸಿದ ಗಂಧಕಾಮ್ಲಕ್ಕೆ ಹಾಕುತ್ತಾರೆ. ಸತು ಸಲೀಸಾಗಿ ಕರಗುತ್ತದೆ. ಮ್ಯಾಂಗನೀಸ್ ಡೈಆಕ್ಸೈಡ್ ಮಾತ್ರ ಹಠಮಾರಿ: ಎಲೆಕ್ಟ್ರಾನ್ ಕೊಟ್ಟು ಅದನ್ನು ಅಪಕರ್ಷಿಸುವ ಪದಾರ್ಥವೊಂದು ಜೊತೆಗಿಲ್ಲದೆ ಅದು ಕರಗದು. ಆಕ್ಸಾಲಿಕ್ ಆಮ್ಲವಾಗಲಿ ಗ್ಲೂಕೋಸ್ ಆಗಲಿ ಈ ಕೆಲಸಕ್ಕೆ ಒದಗುತ್ತದೆ. ಎಲೆಕ್ಟ್ರಾನ್ ಕಸಿಯುವ ಉತ್ಕರ್ಷಕವೆಂದೇ ನಾವು ಶಾಲೆಯಲ್ಲಿ ಓದಿದ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಇಲ್ಲಿ ಅಪಕರ್ಷಕವಾಗಿ ವರ್ತಿಸುವುದು ನನಗೆ ಇಂದಿಗೂ ಸೋಜಿಗ.

ನಿಜವಾದ ಕಷ್ಟ ಕರಗಿಸುವುದರಲ್ಲಿಲ್ಲ, ಬೇರ್ಪಡಿಸುವುದರಲ್ಲಿದೆ. ಎರಡು ಲೋಹಗಳೂ ಒಂದೇ ದ್ರಾವಣದಲ್ಲಿರುವುದರಿಂದ, ಸೀಮೆಎಣ್ಣೆಯಂಥ ದ್ರವದಲ್ಲಿ ಬೆರೆಸಿದ ವಿಶೇಷ ರಾಸಾಯನಿಕದಿಂದ ಮೊದಲು ಸತುವನ್ನು ಸೆಳೆದು, ಪುನಃ ಆಮ್ಲಕ್ಕೆ ಇಳಿಸಿ, ವಿದ್ಯುತ್ ಹರಿಸಿ ಅಲ್ಯೂಮಿನಿಯಂ ಫಲಕದ ಮೇಲೆ ಹಾಳೆಯಂತೆ ಕೂರಿಸಬೇಕು. ಆಮ್ಲೀಯತೆ ತುಸು ಹೆಚ್ಚುಕಡಿಮೆಯಾದರೂ ಬೆರಕೆಯೇ ಕೈಗೆ ಸಿಗುತ್ತದೆ.

ಆದ್ದರಿಂದ ಹಿತ್ತಲಲ್ಲಿ ಮಾಡಬೇಡಿ. ಒಂದು ಕಿಲೊ ಸತು ಲೋಹ ಆಮ್ಲದಲ್ಲಿ ಕರಗಿದರೆ ಸುಮಾರು 370 ಲೀಟರ್ ಜಲಜನಕ ಹೊರಬರುತ್ತದೆ. ಮುಚ್ಚಿದ ಕೊಠಡಿಯಲ್ಲಿ ಅದಕ್ಕೆ ಒಂದು ಕಿಡಿ ಸಾಕು. ಗೋಣಿಯಲ್ಲಿ ಲಿಥಿಯಂ ಸೆಲ್ಲೊಂದು ಬೆರೆತಿದ್ದರೆ ಜಜ್ಜುವಾಗಲೇ ಬೆಂಕಿ ಹತ್ತಬಹುದು. ಇನ್ನು, ಉಳಿಯುವ ಆಮ್ಲದ ನೀರನ್ನು ಎಲ್ಲಿ ಚೆಲ್ಲುತ್ತೀರಿ? ನಿಮ್ಮೂರಿನ ಹತ್ತಿರದ ಕೆಜಿಎಫ್‌ನಲ್ಲಿ ನಡೆದದ್ದೂ ಲೋಹವನ್ನು, ಅಂದರೆ ಚಿನ್ನವನ್ನು, ಸೈನೈಡ್ ದ್ರಾವಣಕ್ಕೆ ಇಳಿಸುವ ಇಂಥದೇ ಕೆಲಸ. ಗಣಿ 2001ರಲ್ಲಿ ಮುಚ್ಚಿದರೂ ಸೈನೈಡ್ ದಿಬ್ಬಗಳು ಕರಗಿಲ್ಲ. ಕೊಳವೆಬಾವಿಯನ್ನೇ ನಂಬಿದ ಜಿಲ್ಲೆಯಲ್ಲಿ ಹಿತ್ತಲ ಗುಂಡಿಗೆ ಚೆಲ್ಲಿದ್ದು ಬಹಳ ದೂರ ಹರಿಯುತ್ತದೆ.

ಕಪ್ಪು ಪುಡಿ ತೋಟಕ್ಕೂ ಬೇಡ. ಸತು, ಮ್ಯಾಂಗನೀಸ್ ಎರಡೂ ಗಿಡಕ್ಕೆ ಬೇಕಾದವೇ ಆದರೂ ಅಳತೆಯಿಲ್ಲದೆ ಬಿದ್ದರೆ ವಿಷವಾಗುತ್ತವೆ. ಹಳೆಯ ಸೆಲ್ಲುಗಳಲ್ಲಿ ಪಾದರಸವೂ ಕ್ಯಾಡ್ಮಿಯಂ ಕೂಡ ಇರಬಹುದು. ಮಣ್ಣು ಪರೀಕ್ಷೆ ಹೇಳಿದಷ್ಟು ಸತುವಿನ ಸಲ್ಫೇಟನ್ನು ಗೊಬ್ಬರದ ಅಂಗಡಿಯಿಂದ ತನ್ನಿ.

ಬ್ಯಾಟರಿ ತ್ಯಾಜ್ಯ ನಿರ್ವಹಣೆಯ 2022ರ ನಿಯಮಗಳ ಪ್ರಕಾರ ಇಂಥ ಸೆಲ್ಲುಗಳನ್ನೂ ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆ ತಯಾರಕರದು. ನಿಮಗೆ ಸೆಲ್ ಪೂರೈಸುವ ಸಗಟು ವ್ಯಾಪಾರಿಯನ್ನೇ ಮೊದಲು ಕೇಳಿ. ಅಲ್ಲಿಯವರೆಗೆ ಲಿಥಿಯಂ ಸೆಲ್ಲುಗಳನ್ನೂ ಅಂಗಿಯ ಗುಂಡಿಯಂಥ ಪುಟ್ಟ ಸೆಲ್ಲುಗಳನ್ನೂ ಬೇರೆ ತೆಗೆದು, ತುದಿಗಳಿಗೆ ಟೇಪ್ ಅಂಟಿಸಿ, ಎಲ್ಲವನ್ನೂ ಒಣ ಪ್ಲಾಸ್ಟಿಕ್ ಡಬ್ಬಗಳಲ್ಲಿಡಿ. ಸೋರುತ್ತಿರುವ ಸೆಲ್ಲುಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ.