‘ರಾಂಝಣಾ’ ಚಿತ್ರದಲ್ಲಿ ಕುಂದನ್‌ನ ಪ್ರೀತಿ ಸೋಲುವುದು ಧರ್ಮದ ಕಾರಣಕ್ಕೇ?

ಅಲ್ಲ. ಜೋಯಾಗೆ ಕುಂದನ್ ಬೇಕಿರಲಿಲ್ಲ, ಮುಖ್ಯ ಕಾರಣ ಅದೇ.

ಸಾಕ್ಷಿ ಕಥೆಯಲ್ಲೇ ಇದೆ. ಆನಂದ್ ಎಲ್. ರಾಯ್ ನಿರ್ದೇಶಿಸಿದ ಈ 2013ರ ಹಿಂದಿ ಚಿತ್ರದಲ್ಲಿ ಕುಂದನ್ (ಧನುಷ್) ಬನಾರಸ್‌ನಲ್ಲಿ ನೆಲೆಸಿದ ತಮಿಳು ಪುರೋಹಿತರ ಮಗ; ಜೋಯಾ (ಸೋನಂ ಕಪೂರ್) ಓದಿಕೊಂಡ ಮುಸ್ಲಿಂ ಮನೆತನದ ಹುಡುಗಿ. ಹದಿಹರೆಯದಲ್ಲಿ ಅವಳ ಮನಸ್ಸು ಅವನತ್ತ ಕೊಂಚ ವಾಲಿದ್ದು ನಿಜ, ಮನೆಯವರು ಅವಳನ್ನು ಊರು ಬಿಡಿಸಿದ್ದೂ ನಿಜ. ಆದರೆ ಮುಂದೆ ದೆಹಲಿಯಲ್ಲಿ ಓದುವಾಗ ಅವಳು ಪ್ರೀತಿಸಿದ್ದು ಜಸ್ಜೀತ್ ಎಂಬ ಸಿಖ್ ಯುವಕನನ್ನು. ಮನೆಯವರು ಒಪ್ಪಲೆಂದು ಅವನನ್ನು ಅಕ್ರಮ್ ಎಂಬ ಮುಸ್ಲಿಮನೆಂದು ಹೇಳುತ್ತಾಳೆ. ಧರ್ಮದ ಗೋಡೆ ಹಾರಲು ಅವಳು ಸಿದ್ಧಳಿದ್ದಳು, ಕುಂದನ್‌ಗಾಗಿ ಅಲ್ಲ ಅಷ್ಟೇ.

ಹಾಗಿದ್ದರೂ ಇದು ಸಮಾಜ ಕೊಂದ ಪ್ರೀತಿ ಎಂದು ನಮಗೇಕೆ ಅನಿಸುತ್ತದೆ? ಕಥೆ ಹೇಳುವ ದನಿ ಕುಂದನ್‌ನದು. ಜೊತೆಗೆ ಧರ್ಮ, ಅಂತಸ್ತು ಎರಡೂ ಕಣ್ಣಿಗೆ ಹೊಡೆಯುವ ಅಡ್ಡಿಗಳು. ಅವು ಎದುರಿಗಿದ್ದಾಗ ಹುಡುಗಿಯ ‘ಬೇಡ’ ಕೂಡ ಸಮಾಜವೇ ಅವಳ ಬಾಯಿಂದ ಆಡಿಸಿದ ಮಾತಿನಂತೆ ಕೇಳುತ್ತದೆ. ಆಗ ಅವಳ ಹಿಂದೆ ಬೀಳುವುದು, ಕೈ ಕೊಯ್ದುಕೊಂಡು ಒತ್ತಡ ಹೇರುವುದು ಬಂಡಾಯದಂತೆ ಕಾಣತೊಡಗುತ್ತವೆ. ನನ್ನ ಮಟ್ಟಿಗೆ ಜೋಯಾಗೆ ಚಿತ್ರ ಮಾಡಿದ ದೊಡ್ಡ ಅನ್ಯಾಯ ಇದು. ಆದರೂ ಚಿತ್ರ ಕುಂದನ್‌ನನ್ನು ಪೂರ್ತಿ ಕ್ಷಮಿಸುವುದಿಲ್ಲ: ಮದುವೆಯ ಹೊತ್ತಿಗೆ ಜಸ್ಜೀತ್‌ನ ಗುಟ್ಟು ಬಯಲು ಮಾಡುವವನು ಅವನೇ, ಅದರಿಂದ ಏಟು ತಿಂದ ಆ ಯುವಕ ಕೊನೆಗೆ ಸಾಯುತ್ತಾನೆ.