ಕೇಳಿ, ಹೇಳ್ತೀನಿ: ಕೆಲಸ ಬಿಟ್ಟು ಸಂಗೀತಕ್ಕೆ ಬರಲಾ?

(ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ, ಸಂಜೆ ತಬಲಾ ನುಡಿಸುವ, ಬಿಡುವಿದ್ದಾಗ ಫೋಟೊ ತೆಗೆಯುವ ನಮ್ಮ ಅಂಕಣಕಾರರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನಾನು ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಕೀಬೋರ್ಡ್ ನುಡಿಸ್ತೀನಿ. ಗಣಪತಿ ಹಬ್ಬ, ರಾಜ್ಯೋತ್ಸವ, ರಿಸೆಪ್ಷನ್ ಅಂತ ಕಾರ್ಯಕ್ರಮ ಸಿಗ್ತವೆ. ಸಾಲ ಮಾಡಿ ಕ್ಯಾಮೆರಾ ತಗೊಂಡು ಮದುವೆ ಫೋಟೊನೂ ತೆಗೀತೀನಿ. ಮೂರೂ ಸೇರಿ ನಿದ್ದೆಯೇ ಇಲ್ಲ. ಕೆಲಸ ಬಿಟ್ಟು ಪೂರ್ತಿ ಸಂಗೀತಕ್ಕೆ ಇಳಿದುಬಿಡಲಾ? ಅಮ್ಮ ಬೇಡ ಅಂತಾರೆ.
— ಹೆಸರು ಬೇಡ ಎಂದವರು, ತೀರ್ಥಹಳ್ಳಿ

ಈಗಲೇ ಬಿಡಬೇಡಿ. ಅಮ್ಮ ಹೇಳಿದರು ಅಂತಲ್ಲ, ನಿಮ್ಮ ಕೀಬೋರ್ಡಿನ ಮುಖ ನೋಡಿ ಹೇಳುತ್ತಿದ್ದೇನೆ.

ನಮ್ಮ ಕಡೆ ಕಾರ್ಯಕ್ರಮಗಳ ವರ್ಷ ಹೇಗೆ ಓಡುತ್ತದೆ ನೋಡಿ. ಗಣಪತಿ ಹಬ್ಬಕ್ಕೆ ಶುರುವಾದರೆ ದಸರಾ, ಆಮೇಲೆ ನವೆಂಬರ್ ತಿಂಗಳಿಡೀ ರಾಜ್ಯೋತ್ಸವ. ಧನುರ್ಮಾಸದಲ್ಲಿ ಮದುವೆ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಮೇ ಕೊನೆಯವರೆಗೆ ಮದುವೆ, ಜಾತ್ರೆ. ಜೂನ್ ಮಳೆ ಹಿಡಿಯಿತೆಂದರೆ ಬಯಲು ವೇದಿಕೆ ಮುಗಿಯಿತು, ಹಿಂದೆಯೇ ಆಷಾಢ. ಮೂರು ತಿಂಗಳು ಫೋನೇ ಬರುವುದಿಲ್ಲ. ಕ್ಯಾಮೆರಾ ಸಾಲದ ಕಂತು ಮಾತ್ರ ಆಷಾಢದಲ್ಲೂ ಬಂದೇ ಬರುತ್ತದೆ. ಸಂಬಳ ಇಲ್ಲದ ಕಲಾವಿದ ಆಗ ಕರೆದವರಲ್ಲಿಗೆಲ್ಲ ಹೋಗುತ್ತಾನೆ, ಹೇಳಿದ ದರಕ್ಕೆ ಒಪ್ಪುತ್ತಾನೆ, ಪೆನ್‌ಡ್ರೈವ್‌ನಲ್ಲಿ ಟ್ರ್ಯಾಕ್ ಹಾಕಿ ಮೇಲೆ ಬೆರಳಾಡಿಸಿ ಅಂದರೂ ‘ಆಯ್ತು ಸಾರ್’ ಅನ್ನುತ್ತಾನೆ. ಸಂಬಳ ಇರುವವನಿಗೆ ‘ಬೇಡ’ ಅನ್ನುವ ಧೈರ್ಯ ಇರುತ್ತದೆ. ನಾನು ಮಂಡಿಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯ ಬಗೆಗಳ ಲೆಕ್ಕ ಬರೆದುಕೊಂಡು ಕೂತಿರುವುದಕ್ಕೇ ಯಾರಿಗೆ ಸಾಥ್ ಕೊಡಬೇಕೆಂದು ನಾನೇ ಆರಿಸಿಕೊಳ್ಳಬಲ್ಲೆ. ಇದನ್ನು ಮನಸಾರೆ ನಂಬಿದವನು ನಾನು.

ಹಗಲು ಕೆಲಸ ಇದ್ದರೆ ಕಲೆ ಅರೆಬರೆಯಾಗುತ್ತದೆ ಅನ್ನುವವರಿಗೆ ನಮ್ಮೂರಿನ ಹೆಸರನ್ನೇ ಹೇಳಿ. ಚಿತ್ರಗೀತೆಯ ಗಾಯನಕ್ಕೆ ಕನ್ನಡಕ್ಕೆ ಮೊದಲ ರಾಷ್ಟ್ರಪ್ರಶಸ್ತಿ ತಂದ ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದವರು. ಸಿ. ಅಶ್ವಥ್ ಎಷ್ಟೋ ವರ್ಷ ಬೆಂಗಳೂರಿನಲ್ಲಿ ದೂರವಾಣಿ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಯ ಉದ್ಯೋಗಿ. ಕೋರ್ಟು, ಕಾರ್ಖಾನೆ ಅವರ ದನಿಯನ್ನು ಕಿತ್ತುಕೊಳ್ಳಲಿಲ್ಲ.

ಇನ್ನು ನಿದ್ದೆಯ ವಿಷಯ. ನಿಮ್ಮ ನಿದ್ದೆ ತಿನ್ನುತ್ತಿರುವುದು ಸಂಘದ ಕೆಲಸ ಅಲ್ಲ ಅಂತ ನನಗನ್ನಿಸುತ್ತದೆ. ಅದಕ್ಕೆ ಹೋಗುವ ಹೊತ್ತಿದೆ, ಬರುವ ಹೊತ್ತಿದೆ. ಸಂಗೀತದ ದುಡಿಮೆಯೆಲ್ಲ ಕಾರ್ಯಕ್ರಮಕ್ಕೆ ಮುಂಚೆ: ಅಭ್ಯಾಸ, ಹಾಡುಗಾರರ ಶ್ರುತಿಗೆ ಹೊಂದಿಸಿಕೊಳ್ಳುವುದು, ಪ್ರಯಾಣ, ಸೌಂಡ್‌ಚೆಕ್. ಕೊನೆಯ ಹಾಡು ಮುಗಿದು ವೈರ್ ಸುತ್ತಿದರೆ ಅದು ಮುಗಿಯಿತು. ಫೋಟೊದ ದುಡಿಮೆ ಮದುವೆ ಆದಮೇಲೆ ಶುರು. ಸಾವಿರಗಟ್ಟಲೆ ಚಿತ್ರದಲ್ಲಿ ಕಣ್ಣು ಮುಚ್ಚಿದ್ದನ್ನು ತೆಗೆಯಬೇಕು, ಬಣ್ಣ ತಿದ್ದಬೇಕು, ಆಲ್ಬಂ ಜೋಡಿಸಬೇಕು, ‘ಸೋದರಮಾವಂದು ಒಂದೂ ಇಲ್ಲವಲ್ಲ’ ಅಂತ ವಾಪಸ್ ಬಂದಾಗ ಮತ್ತೆ ಹುಡುಕಬೇಕು. ಒಂದರ ಭಾರ ಮುಂದಕ್ಕೆ, ಇನ್ನೊಂದರ ಭಾರ ಹಿಂದಕ್ಕೆ. ಈ ಭಾನುವಾರ ಮದುವೆ ಒಪ್ಪಿ ಮುಂದಿನ ಶನಿವಾರ ಕಾರ್ಯಕ್ರಮ ಒಪ್ಪಿದರೆ ನಡುವಿನ ರಾತ್ರಿಗಳ ಮೇಲೆ ಎರಡೂ ಬಂದು ಕೂರುತ್ತವೆ. ದಿನಾಂಕ ಖಾಲಿ ಇದೆಯಾ ಅಂತ ನೋಡಿದರೆ ಸಾಲದು, ಮುಂದಿನ ವಾರ ಖಾಲಿ ಇದೆಯಾ ಅಂತ ನೋಡಿ. ನಾನು ದೊಡ್ಡ ಕಾರ್ಯಕ್ರಮದ ಹಿಂದಿನ ವಾರ ಕ್ಯಾಮೆರಾ ಕೆಲಸ ಹಿಡಿಯುವುದೇ ಇಲ್ಲ. ಸುಗ್ಗಿಯಲ್ಲಿ ಮಂಡಿಗೆ ಮಾಲು ಜಾಸ್ತಿ ಬರುವ ದಿನಗಳಲ್ಲಂತೂ ಮದುವೆಯನ್ನು ಬೇರೆ ಗೆಳೆಯರಿಗೆ ದಾಟಿಸುತ್ತೇನೆ. ಅವರೂ ನನಗೆ ದಾಟಿಸುತ್ತಾರೆ.

ಸಂಭಾವನೆಯನ್ನು ವೇದಿಕೆಯ ಮೇಲಿನ ಹೊತ್ತಿಗೆ ಲೆಕ್ಕ ಹಾಕಬೇಡಿ, ಮನೆ ಬಿಟ್ಟಲ್ಲಿಂದ ಮನೆ ಸೇರುವವರೆಗೆ ಹಾಕಿ. ಸಂಜೆಯ ಕಾರ್ಯಕ್ರಮಕ್ಕೆ ಶಿವಮೊಗ್ಗಕ್ಕೆ ಬರಬೇಕಾದರೆ ನಿಮಗೆ ಅರ್ಧ ದಿನದ ರಜೆ ಹೋಯಿತು, ರಾತ್ರಿ ಮಂಡಗದ್ದೆ ದಾರಿಯ ಮಂಜಿನಲ್ಲಿ ವಾಪಸ್ ಹೋಗಬೇಕು. ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಕೇಳಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಹಬ್ಬ–ಉತ್ಸವಕ್ಕೆಂದು ಮಧ್ಯರಾತ್ರಿವರೆಗೆ ಸಡಿಲಿಸಬಹುದು, ಅಷ್ಟೇ. ಸಂಘಟಕರಿಗೆ ಇದನ್ನು ಮೊದಲೇ ನೆನಪಿಸಿದರೆ ಭಾಷಣಗಳೂ ಚಿಕ್ಕದಾಗುತ್ತವೆ, ನೀವೂ ಮರುದಿನ ಸಂಘದ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುತ್ತೀರಿ.

ಬಿಡಲೇಬೇಕು ಅಂತ ಮನಸ್ಸು ಎಳೆಯುತ್ತಿದ್ದರೆ ಒಂದು ಪರೀಕ್ಷೆ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಬಳ ಬಂದ ಕೂಡಲೇ ಬೇರೆ ಖಾತೆಗೆ ಹಾಕಿ, ಮುಟ್ಟಬೇಡಿ. ಮನೆ ಖರ್ಚು, ಕಂತು ಎಲ್ಲ ಕೀಬೋರ್ಡು–ಕ್ಯಾಮೆರಾ ದುಡ್ಡಲ್ಲೇ ನಡೆಯಲಿ. ಮಳೆಗಾಲ ಹಾಗೆ ದಾಟಿದರೆ ನನಗೆ ಇನ್ನೊಂದು ಪತ್ರ ಬರೆಯಿರಿ, ಆಗ ಬೇರೆ ಮಾತಾಡೋಣ. ಆ ಖಾತೆಯ ಪಾಸ್‌ಬುಕ್ಕನ್ನು ಅಮ್ಮನ ಕೈಯಲ್ಲೇ ಕೊಡಿ.

ಪ್ರಶ್ನೆ: ಭಾವಗೀತೆ ಹಾಡುತ್ತೇನೆ, ಶಾಲೆಯಲ್ಲಿ ಪಾಠ ಮಾಡುತ್ತೇನೆ. ಸಂಗೀತ ಕಾರ್ಯಕ್ರಮಗಳ ಫೋಟೊ ತೆಗೆಯುವುದು ನನಗೆ ಇಷ್ಟ. ಈಗ ಕರೆಯುವವರೆಲ್ಲ ‘ಮೇಡಂ, ಹಾಡಿ, ಹಾಗೇ ಫೋಟೊನೂ ತೆಗೆದುಕೊಡಿ’ ಅಂತಾರೆ. ಒಪ್ಪಲಾ?
— ಓದುಗರೊಬ್ಬರು, ಸಾಗರ

ಒಪ್ಪಬೇಡಿ ಅಕ್ಕಾ. ಹಾಡುವ ದಿನ ಕ್ಯಾಮೆರಾ ಮನೆಯಲ್ಲಿರಲಿ. ಬೇರೆಯವರು ಹಾಡುವಾಗ ಬೆಳಕು ಚೆನ್ನಾಗಿದೆಯಲ್ಲ ಅಂತ ಯೋಚಿಸುತ್ತ ಕೂತವರು ತಮ್ಮ ಸರದಿ ಬಂದಾಗ ಪಲ್ಲವಿಯೊಳಗೆ ಇಳಿಯಲು ಕಷ್ಟಪಡುತ್ತಾರೆ.

ಆದರೆ ಬೇರೆಯವರ ಕಛೇರಿಗೆ ಕ್ಯಾಮೆರಾ ಹಿಡಿದು ಹೋಗುವಾಗ ನಿಮ್ಮ ಸಂಗೀತವೇ ನಿಮ್ಮ ದೊಡ್ಡ ಆಸ್ತಿ. ತೀನ್‌ತಾಲ ಹದಿನಾರು ಮಾತ್ರೆ. ಸಮ್, ಅಂದರೆ ತಾಳದ ಮೊದಲ ಮಾತ್ರೆ, ಎಲ್ಲಿ ಬೀಳುತ್ತದೆಂದು ನಿಮಗೆ ಗೊತ್ತು, ಗೊತ್ತಿಲ್ಲದವರು ಬಿದ್ದ ಮೇಲೆ ಒತ್ತುತ್ತಾರೆ. ತಾನ್ (ವೇಗದ ಸ್ವರಗಳ ಓಟ) ಮುಗಿಸಿ ಸಮ್‌ಗೆ ಬರುವ ಗಾಯಕರ ಕೈ ಮೇಲಿಂದ ಇಳಿಯುತ್ತದೆ. ಅದು ಎಲ್ಲರೂ ತೆಗೆಯುವ ಚಿತ್ರ. ನೀವು ಇನ್ನೂ ಅರೆಕ್ಷಣ ಕಾಯಿರಿ. ಸಮ್ ಬಿದ್ದ ಮೇಲೆ ಗಾಯಕರು ತಬಲಾದವರ ಕಡೆ ತಿರುಗುತ್ತಾರೆ, ತಬಲಾದವರು ತಲೆ ಎತ್ತುತ್ತಾರೆ, ಇಬ್ಬರ ಮುಖದಲ್ಲೂ ಏನೋ ಹಾದುಹೋಗುತ್ತದೆ. ವೇದಿಕೆಯಲ್ಲಿ ಕೂತು ಆ ನೋಟ ಪಡೆದವನಾಗಿ ಹೇಳುತ್ತೇನೆ, ಸಂಭಾವನೆಗಿಂತ ದೊಡ್ಡದು ಅದು. ಅದನ್ನು ಚಿತ್ರದಲ್ಲಿ ಹಿಡಿದು ಕೊಟ್ಟರೆ ಆ ಕಲಾವಿದರು ನಿಮ್ಮನ್ನು ಮರೆಯುವುದಿಲ್ಲ.

ಎರಡು ಮಾತು ಕೆಲಸದ ಬಗ್ಗೆ. ಮೈಕ್ ಬಾಯಿ ಮುಚ್ಚದ ಹಾಗೆ ಪಕ್ಕದಿಂದ ತೆಗೆಯಿರಿ. ಕೆಲವು ಎಲ್‌ಇಡಿ ದೀಪದ ಕೆಳಗೆ ಚಿತ್ರದಲ್ಲಿ ಅಡ್ಡಪಟ್ಟಿ ಬಂದರೆ ಶಟರ್ ವೇಗವನ್ನು ಸೆಕೆಂಡಿನ 1/100 ಅಥವಾ 1/50ಕ್ಕೆ ಇಳಿಸಿ ನೋಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ದೀಪದ ಮಿಣುಕು ಅದಕ್ಕೆ ಸರಿಹೊಂದಿ ಬಹುಪಾಲು ಪಟ್ಟಿ ಹೋಗುತ್ತದೆ. ಆ ವೇಗದಲ್ಲಿ ತಬಲಾದ ಬೆರಳು ಮಸುಕಾಗುತ್ತದೆ, ಆಗಲಿ ಬಿಡಿ, ಮುಖ ನಿಂತಿದ್ದರೆ ಸಾಕು. ಆಲಾಪ ನಡೆಯುವಾಗ ಮಾತ್ರ ಶಟರ್ ಸದ್ದು ಮಾಡಲೇಬೇಡಿ. ಕ್ಯಾಮೆರಾದಲ್ಲಿ ಸದ್ದಿಲ್ಲದ ಶಟರ್ ಇಲ್ಲದಿದ್ದರೆ ಕೈ ಕಟ್ಟಿ ಕೂತು ಕೇಳಿ.

ಪ್ರಶ್ನೆ: ಆಗುಂಬೆ ಹತ್ತಿರದ ಮನೆ. ಮಳೆಗಾಲ ಮುಗಿಯುವಷ್ಟರಲ್ಲಿ ಲೆನ್ಸ್ ಒಳಗೆ ಬೂಸ್ಟು, ತಬಲಾ ಸಡಿಲ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡಬಹುದಾ?

ಬೇಡ. ಲೆನ್ಸಿಗೆ ಒಣ ಗಾಳಿ ಬೇಕು, ತಬಲಾಕ್ಕೆ ಹದ ಬೇಕು. ಲೆನ್ಸನ್ನು ಚರ್ಮದ ಅಥವಾ ಬಟ್ಟೆಯ ಬ್ಯಾಗಿನಿಂದ ಹೊರತೆಗೆದು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಇಡಿ. ಬೂಸ್ಟು ಮೊದಲು ಹಿಡಿಯುವುದು ಬ್ಯಾಗಿಗೇ. ಡಬ್ಬಿಯೊಳಗೆ ತೇವಾಂಶ ತೋರಿಸುವ ಚಿಕ್ಕ ಮಾಪಕ ಹಾಕಿ, ಶೇ 40ರಿಂದ 50ರ ನಡುವೆ ಇರಲಿ. ನೀಲಿ ಜೆಲ್ ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ಬಳಸಬಹುದು, ಆದರೆ ಆ ನೀಲಿ ಬಣ್ಣ ವಿಷ. ಅಡುಗೆಯ ಬಾಣಲೆಯಲ್ಲಿ ಖಂಡಿತ ಹುರಿಯಬೇಡಿ, ಅದಕ್ಕೇ ಒಂದು ಹಳೆ ತಟ್ಟೆ ತೆಗೆದಿಡಿ. ಎಸಿ ಹಾಲ್‌ನಿಂದ ಹೊರಗೆ ಬಂದ ಕೂಡಲೇ ಕ್ಯಾಮೆರಾ ಬ್ಯಾಗಿನಿಂದ ತೆಗೆದರೆ ಗಾಜಿನ ಮೇಲೆ ನೀರು ಕೂರುತ್ತದೆ, ಸ್ವಲ್ಪ ಹೊತ್ತು ಒಳಗೇ ಇರಲಿ.

ತಬಲಾದ ಚರ್ಮ ತೇವ ಹೀರಿ ಶ್ರುತಿ ಇಳಿಯುತ್ತದೆ. ಬಿಸಿಲಿಗೆ, ಒಲೆ ಹತ್ತಿರ ಇಟ್ಟರೆ ಕರಣೆ (ಚರ್ಮದ ಮೇಲಿನ ಕಪ್ಪು ವೃತ್ತ) ಬಿರುಕು ಬಿಡುತ್ತದೆ. ದಪ್ಪ ಬಟ್ಟೆಯಲ್ಲಿ ಸುತ್ತಿ, ನೆಲದಿಂದ ಮೇಲೆ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ಕಾರ್ಯಕ್ರಮದ ದಿನ ಬೇಗ ಹೋಗಿ ವಾದ್ಯವನ್ನು ವೇದಿಕೆಯ ದೀಪದ ಕೆಳಗೆ ಬಿಟ್ಟು, ಆಮೇಲೆ ಶ್ರುತಿ ಮಾಡಲು ಸುತ್ತಿಗೆ ಎತ್ತಿ. ಮನೆಯಲ್ಲಿ ಹೊಡೆದು ಏರಿಸಿದ ಶ್ರುತಿ ಅಲ್ಲಿನ ಬಿಸಿಗೆ ಇನ್ನೂ ಏರಿಬಿಡುತ್ತದೆ.

ಪ್ರಶ್ನೆ: ನಾನು ತೆಗೆದ ಮದುವೆ ಫೋಟೊಗಳನ್ನು ನನ್ನ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದಕ್ಕೆ ಹುಡುಗಿ ಮನೆಯವರು ಸಿಟ್ಟಾದರು. ತೆಗೆದವನು ನಾನಲ್ಲವೇ?
— ಭದ್ರಾವತಿಯಿಂದ

ತೆಗೆದವರು ನೀವು, ಹಕ್ಕು ತೆಗೆಸಿದವರದು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಯಾರೋ ಹೇಳಿ ದುಡ್ಡು ಕೊಟ್ಟು ತೆಗೆಸಿದ ಫೋಟೊ ಅಥವಾ ವಿಡಿಯೊಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಯಾರೂ ಹೇಳದೆ, ಸಂಬಳದ ಕೆಲಸವಾಗಿಯೂ ಅಲ್ಲದೆ, ನೀವೇ ಇಷ್ಟಪಟ್ಟು ಕಛೇರಿಯಲ್ಲಿ ತೆಗೆದ ಚಿತ್ರ ನಿಮ್ಮದು. ಈಗ ಹಾಕಿರುವುದನ್ನು ತೆಗೆದುಹಾಕಿ, ಫೋನಿನಲ್ಲಲ್ಲ, ಮನೆಗೇ ಹೋಗಿ ಹಿರಿಯರ ಹತ್ತಿರ ಮಾತಾಡಿ. ಮುಂದಿನ ಮದುವೆಗೆ ಅಡ್ವಾನ್ಸ್ ರಸೀದಿಯಲ್ಲೇ ಒಂದು ಸಾಲು ಸೇರಿಸಿ: ‘ಕುಟುಂಬದವರು ಒಪ್ಪಿ ಗುರುತು ಹಾಕಿದ ಚಿತ್ರಗಳನ್ನು ಮಾತ್ರ ಛಾಯಾಗ್ರಾಹಕರು ತಮ್ಮ ಪುಟದಲ್ಲಿ ಪ್ರಕಟಿಸಬಹುದು.’ ಕೆಳಗೆ ಎರಡೂ ಕಡೆಯ ಸಹಿ ಇರಲಿ, ಮದುಮಗಳ ಸಹಿಯೂ ಇರಲಿ.